ಫ್ಯಾಂಟಮ್ ಕಥೆಯಲ್ಲಿ ಹೇಳಿದ್ದನ್ನೇ ಯಾಕೆ ಮತ್ತೆ ಮತ್ತೆ ಹೇಳುತ್ತಾರೆ?

ನಿಮ್ಮ ಪ್ರಶ್ನೆ ಓದಿದೆ. ಹಳೆ ಕಾಮಿಕ್ಸ್, ಕಾರ್ಟೂನ್, ಸೈನ್ಸ್ ಫಿಕ್ಷನ್ ಬಗ್ಗೆ ವಿಮರ್ಶೆ ಬರೆಯಲು ಕೂತರೆ ಒಂದೋ "ಆಹಾ, ಆ ಕಾಲವೇ ಕಾಲ" ಅಂತ ಆಗಿಬಿಡುತ್ತದೆ, ಇಲ್ಲದಿದ್ದರೆ ಎಲ್ಲವೂ ಬಾಲಿಶ ಅನ್ನಿಸುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಚಿಕ್ಕಂದಿನಿಂದ ಇದೇ ಹುಚ್ಚು ಹತ್ತಿಸಿಕೊಂಡವನು ನಾನು. ನನಗೆ ಗೊತ್ತಿರುವ ಉಪಾಯ ಒಂದೇ. ಆ ಕಥೆ ಮೊದಲ ಓದುಗರ ಕೈಗೆ ಹೇಗೆ ಸಿಕ್ಕಿತು ಅಂತ ಪತ್ತೆ ಮಾಡಿ. ದಿನಕ್ಕೊಂದು ತುಣುಕಾಗಿಯೋ, ತಿಂಗಳಿಗೊಂದು ಕಂತಾಗಿಯೋ, ಥಿಯೇಟರಿನಲ್ಲಿ ಸಿನಿಮಾಕ್ಕೆ ಮುಂಚೆ ಹಾಕುವ ಚಿಕ್ಕ ಚಿತ್ರವಾಗಿಯೋ? ಅಲ್ಲಿಂದ ಹೊರಟರೆ ಬರೆಯಲು ಮಾತು ತಾನಾಗಿ ಸಿಗುತ್ತದೆ.

ಕಾಡಿನಲ್ಲಿದ್ದುಕೊಂಡು ಮುಖವಾಡ ತೊಟ್ಟು ದುಷ್ಟರನ್ನು ಬಗ್ಗುಬಡಿಯುವ ಕಾಮಿಕ್ಸ್ ನಾಯಕ ಫ್ಯಾಂಟಮ್‌ನನ್ನೇ ನೋಡಿ. ಲೀ ಫಾಕ್ ಬರೆದ ಈ ಕಥೆ ಶುರುವಾಗಿದ್ದು 1936ರ ಫೆಬ್ರವರಿ 17ರಂದು, ಅಮೆರಿಕದ ದಿನಪತ್ರಿಕೆಯಲ್ಲಿ. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಂದು ಪಟ್ಟಿ, ಪಟ್ಟಿಯಲ್ಲಿ ಮೂರೋ ನಾಲ್ಕೋ ಚೌಕ. ನಿನ್ನೆ ಪೇಪರ್ ನೋಡದವನಿಗೂ ಇವತ್ತಿನದು ಅರ್ಥವಾಗಬೇಕು. ಹಾಗಾಗಿ ಮೊದಲ ಚೌಕದಲ್ಲಿ ಯಾರಾದರೊಬ್ಬರು ನಿನ್ನೆ ಆಗಿದ್ದನ್ನು ನೆನಪಿಸುತ್ತಾರೆ. ನಡುವೆ ಕಥೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕೊನೆಯ ಚೌಕದಲ್ಲಿ ಬಾಗಿಲ ಹಿಂದೆ ನೆರಳು ಕಾಣುತ್ತದೆ, ಇಲ್ಲವೇ ಪೊದೆಯಿಂದ ಬಂದೂಕಿನ ನಳಿಗೆ ಇಣುಕುತ್ತದೆ. ನಾಳೆಯೂ ಪೇಪರ್ ಕೊಳ್ಳಲೇಬೇಕು, ಅಲ್ವಾ?

ನಾವು ಓದಿದ್ದು ಹಾಗಲ್ಲ. ನಮಗೆ ಸಿಕ್ಕಿದ್ದು ಇಂದ್ರಜಾಲ್ ಕಾಮಿಕ್ಸ್. ವಾರಗಟ್ಟಲೆ ಬಂದ ಪಟ್ಟಿಗಳನ್ನು ಜೋಡಿಸಿ ಮಾಡಿದ ಪುಸ್ತಕ. ಅಮ್ಮ ಊಟಕ್ಕೆ ಕೂಗುವಷ್ಟರಲ್ಲಿ ಮುಗಿದೇ ಹೋಗುತ್ತಿತ್ತು. ಈಗ ತೆಗೆದು ಓದಿದರೆ ಅದೇ ಪರಿಚಯ, ಅದೇ ಬೆದರಿಕೆ, "ಅವನಿಗೆ ಸಾವೇ ಇಲ್ಲವಂತೆ" ಅನ್ನುವ ಅದೇ ಪಿಸುಮಾತು. ಎಷ್ಟು ಸಲ ಹೇಳುತ್ತಾರಪ್ಪ ಅನ್ನಿಸುತ್ತದೆ. ಸುಧಾ, ತರಂಗದ ಧಾರಾವಾಹಿ ಹಾಳೆಗಳನ್ನು ಕಿತ್ತು ಬೈಂಡ್ ಮಾಡಿಸಿದವರ ಮನೆಯಲ್ಲಿ ಬೆಳೆದಿದ್ದರೆ ನಿಮಗಿದು ಹೊಸದಲ್ಲ. ವಾರ ವಾರ ಕಾಯಿಸಿ ಓದಿಸಿದ ಕಾದಂಬರಿ ಬೈಂಡಾದ ಮೇಲೆ ಕೆಲವೇ ಪುಟಕ್ಕೊಮ್ಮೆ ಸುಮ್ನೆ ಬೆಚ್ಚಿಬೀಳಿಸಲು ನೋಡುತ್ತದೆ.

ಒಂದು ಕೆಲಸ ಮಾಡಿ. ಯಾವುದಾದರೂ ಫ್ಯಾಂಟಮ್ ಕಥೆಯ ನಾಲ್ಕು ಪುಟ ಜೆರಾಕ್ಸ್ ಮಾಡಿಸಿಕೊಳ್ಳಿ. (ಮೂಲ ಪುಸ್ತಕದ ಮೇಲೆ ಪೆನ್ಸಿಲ್ ಇಟ್ಟರೆ ಸಂಗ್ರಹಕಾರರು ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ.) ಒಂದು ದಿನದ ಪಟ್ಟಿ ಎಲ್ಲಿ ಮುಗಿದಿರಬಹುದು ಅಂತ ಊಹಿಸಿ ಅಲ್ಲಲ್ಲಿ ಗೆರೆ ಎಳೆಯಿರಿ. ನೆನಪಿಸುವ ಮಾತು ಎಲ್ಲಿ ಬರುತ್ತದೋ ಅದೇ ದಿನದ ಶುರು. ಆಗ ಫಾಕ್‌ನ ಕೈಚಳಕ ಕಾಣುತ್ತದೆ. ಒಳ್ಳೆ ದಿನಗಳಲ್ಲಿ ಆ ನೆನಪಿಸುವ ಮಾತೇ ಹೊಸ ಸುದ್ದಿಯನ್ನೂ ಹೇಳುತ್ತದೆ. ಹೆದರಿದ ಕಳ್ಳನೊಬ್ಬ ಫ್ಯಾಂಟಮ್‌ನ ಉಂಗುರ ದವಡೆಯ ಮೇಲೆ ಒತ್ತಿದ ತಲೆಬುರುಡೆ ಗುರುತನ್ನು ಮುಟ್ಟಿಕೊಂಡು ಮಾತಾಡಿದರೆ ನಿನ್ನೆಯ ಹೊಡೆತವೂ ಗೊತ್ತಾಯಿತು, ಇವತ್ತಿನ ಭಯವೂ ಗೊತ್ತಾಯಿತು. ಕೆಟ್ಟ ದಿನಗಳಲ್ಲಿ ಬರೀ ಭರ್ತಿ. ಈ ವ್ಯತ್ಯಾಸ ಬರೆದರೆ ಅದು ವಿಮರ್ಶೆ.

ಇನ್ನೊಂದು, ಕತ್ತರಿ ಯಾರದ್ದು ಅಂತ ನೋಡಿ. ಇಂದ್ರಜಾಲ್ ಶುರುವಾಗಿದ್ದು 1964ರ ಮಾರ್ಚ್‌ನಲ್ಲಿ. ಮೊದಲ ಹತ್ತು ಸಂಚಿಕೆಗಳಲ್ಲಿ ಫ್ಯಾಂಟಮ್‌ಗೆ ಸಿಕ್ಕಿದ್ದು ಬರೀ 16 ಪುಟ. ಉಳಿದದ್ದು ಸಾಮಾನ್ಯ ಜ್ಞಾನ, ಅದು ಇದು. ತಿಂಗಳುಗಟ್ಟಲೆ ಓಡಿದ ಕಥೆಯನ್ನು 16 ಪುಟಕ್ಕೆ ತುರುಕಿದರೆ ಏನಾಗುತ್ತದೆ? ಕಥೆ ಹಾರುತ್ತದೆ. ಹೆಸರುಗಳೂ ಬದಲಾದವು. ಬೆಂಗಾಲಾ ಅನ್ನುವ ಕಾಡುದೇಶ ಡೆಂಕಾಲಿ ಆಯಿತು, ಸಿಂಗ್ ಕಡಲ್ಗಳ್ಳರು ಸಿಂಗಾ ಆದರು. ಕಾರಣ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ಕಾಮಿಕ್ಸ್ ಹೊರತಂದ ಸಂಸ್ಥೆಯಲ್ಲಿ ಆಗ ಕೆಲಸಕ್ಕಿದ್ದವರು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ. 1967ರಲ್ಲಿ ಅದನ್ನು ಬಿಟ್ಟು ಅಮರ ಚಿತ್ರಕಥೆ ಕಟ್ಟಿದರು. ಅಂದರೆ ನಮ್ಮ ಬಾಲ್ಯದ ಎರಡು ದೊಡ್ಡ ಕಾಮಿಕ್ಸ್‌ಗೂ ಮೂಲ ಹೆಚ್ಚುಕಡಿಮೆ ಒಂದೇ ಕಚೇರಿ. ಅದು ಬೇರೆಯೇ ಕಥೆ, ಇಲ್ಲಿಗೆ ಬಿಡುತ್ತೇನೆ.

ಚಿತ್ರಕಾರರ ವಿಷಯಕ್ಕೆ ಬಂದರೆ, ಎಲ್ಲರೂ ಹೊಗಳುವುದು ಸೈ ಬ್ಯಾರಿಯನ್ನು. 1961ರಿಂದ 1994ರವರೆಗೆ ಬರೆದವನು, ನಮ್ಮ ಕಣ್ಣಲ್ಲಿರುವ ಫ್ಯಾಂಟಮ್ ಅವನದೇ. ಗೆರೆ ಚೊಕ್ಕ, ಮೈಕಟ್ಟು ಅಂದ. ಆದರೆ ನನ್ನ ಓಟು ಮೊದಲು ಬರೆದ ರೇ ಮೂರ್‌ಗೆ. ಅವನ ಕಾಡಿನಲ್ಲಿ ಕತ್ತಲಿದೆ. ಫ್ಯಾಂಟಮ್‌ಗಿಂತ ಮೊದಲು ಅವನ ನೆರಳು ಚೌಕದೊಳಗೆ ಬರುತ್ತದೆ. ಇಬ್ಬರ ನಡುವೆ ಬಂದ ವಿಲ್ಸನ್ ಮೆಕಾಯ್‌ನನ್ನು ಅಭಿಮಾನಿಗಳು "ಮಕ್ಕಳ ಚಿತ್ರ" ಅಂತ ತಳ್ಳಿಹಾಕುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಪೇಪರಿನ ಒರಟು ಕಾಗದದ ಮೇಲೆ ಅಂಗೈಯಷ್ಟು ಜಾಗದಲ್ಲಿ ಅವನ ದಪ್ಪ ಗೆರೆ ಚೆನ್ನಾಗಿಯೇ ಓದಿಸಿಕೊಳ್ಳುತ್ತದೆ. ದೊಡ್ಡ ಪರದೆಯಲ್ಲಿ ಜೂಮ್ ಮಾಡಿ ಬೈದರೆ ಅನ್ಯಾಯ.

ಬಣ್ಣ? ಫಾಕ್‌ನ ಮನಸ್ಸಿನಲ್ಲಿದ್ದದ್ದು ಬೂದು ಬಣ್ಣದ ಉಡುಪು. 1939ರಲ್ಲಿ ಭಾನುವಾರದ ಬಣ್ಣದ ಪುಟ ಶುರುವಾದಾಗ ಅಚ್ಚಾಗಿದ್ದು ನೇರಳೆ. ಇಟಲಿಯವರಿಗೆ ಅವನು ಕೆಂಪು, ಸ್ಕ್ಯಾಂಡಿನೇವಿಯಾದವರಿಗೆ ನೀಲಿ. ಕಾಡಿನಲ್ಲಿ ಅಡಗುವವನಿಗೆ ನೇರಳೆ ಬಟ್ಟೆ ಯಾಕೆ ಅಂತ ನಗುವ ಮುಂಚೆ ಇದು ಗೊತ್ತಿರಲಿ.

ನೆನಪಿನ ಭಾರ ಇಲ್ಲದವರಿಗೂ ಒಮ್ಮೆ ಓದಲು ಕೊಡಿ. ನನ್ನ ಅಕ್ಕನ ಮಗಳು ಒಂದು ಸಂಚಿಕೆ ಓದಿ, "ಮಾಮ, ಊರಿಗೆ ಹೋಗುವಾಗ ಇವನು ಆ ಬಟ್ಟೆ ಮೇಲೇ ಕೋಟು ಹಾಕ್ಕೊಂಡು ಹೋಗ್ತಾನಲ್ಲ, ಸೆಖೆ ಆಗಲ್ವಾ?" ಅಂದಳು. ಸಿಂಹಾಸನದ ದೃಶ್ಯ ಬಂದಾಗ ಅವಳು ಕೇಳಿದ್ದು ಇನ್ನೂ ಚೂಪು: "ಕಾಡಿನವರೆಲ್ಲ ಇವನ ಮಾತು ಯಾಕೆ ಕೇಳ್ಬೇಕು?"

ಅದನ್ನು ನುಂಗಿಕೊಳ್ಳಬೇಡಿ. ಒಂದು ಬಿಳಿ ಮನೆತನ ತಲೆಮಾರುಗಳಿಂದ ಆಫ್ರಿಕಾದ ಕಾಡಿಗೆ ನ್ಯಾಯ ಹೇಳುತ್ತದೆ, ಅಪ್ಪನ ನಂತರ ಮಗ ಅದೇ ವೇಷ ತೊಡುವುದರಿಂದ ಕಾಡಿನವರು ಫ್ಯಾಂಟಮ್ ಸಾಯುವುದೇ ಇಲ್ಲ ಅಂತ ನಂಬಿ ಕೈಮುಗಿಯುತ್ತಾರೆ. ಇದೇ ಕಥೆಯ ಬೆನ್ನೆಲುಬು. "ಆ ಕಾಲವೇ ಹಾಗಿತ್ತು" ಅಂತ ಒಂದು ಸಾಲು ಬರೆದು ದಾಟಿದರೆ ಸಾಲದು. ಯಾಕೆಂದರೆ ಕಾಲ ಒಂದೇ ಆಗಿರಲಿಲ್ಲ, ಕಥೆಯೂ ಬದಲಾಯಿತು. ಮುಂದೆ ಅದೇ ಕಾಡುದೇಶಕ್ಕೆ ಲಮಾಂಡಾ ಲುವಾಗಾ ಅನ್ನುವ ಕಪ್ಪು ಡಾಕ್ಟರ್ ಅಧ್ಯಕ್ಷನಾಗಿ ಬಂದ. ಫಾಕ್‌ನದೇ ಇನ್ನೊಂದು ಕಥೆಯಾದ ಜಾದೂಗಾರ ಮಾಂಡ್ರೇಕ್‌ನಲ್ಲಿ ಅವನ ಜೊತೆಗಾರ ಲೋಥರ್ ಇದ್ದಾನಲ್ಲ, 1934ರಲ್ಲಿ ಅವನು ಚಿರತೆ ಚರ್ಮ ಸುತ್ತಿ, ಮುರುಕು ಇಂಗ್ಲಿಷ್ ಆಡುವ ಆಳು. ಚಿತ್ರಕಾರ ಫಿಲ್ ಡೇವಿಸ್ 1964ರಲ್ಲಿ ತೀರಿಕೊಂಡು ಫ್ರೆಡ್ ಫ್ರೆಡರಿಕ್ಸ್ ಬಂದ ಮೇಲೆ ಲೋಥರ್ ಸರಿಯಾದ ಮಾತಾಡುತ್ತಾನೆ, ಗೆಳೆಯನಾಗುತ್ತಾನೆ. ಹಾಗಾಗಿ ನೀವು ಓದಿದ ಕಥೆ ಯಾವ ವರ್ಷದ್ದು ಅಂತ ಮೊದಲು ಹುಡುಕಿ. 1936ರ ತಪ್ಪೂ 1970ರ ತಪ್ಪೂ ಒಂದೇ ತೂಕದ್ದಲ್ಲ. ಅಂದಹಾಗೆ ಇಂದ್ರಜಾಲ್‌ನಲ್ಲೇ 1976ರಲ್ಲಿ ಆಬಿದ್ ಸುರ್ತಿಯವರ ಬಹದ್ದೂರ್ ಬಂದ. ಜೀನ್ಸ್ ಮೇಲೆ ಕುರ್ತಾ ತೊಟ್ಟು ಡಕಾಯಿತರ ಬೆನ್ನು ಹತ್ತುವ ನಮ್ಮವನು. ಎರಡನ್ನೂ ಪಕ್ಕಪಕ್ಕ ಇಟ್ಟು ಬರೆದರೆ ಒಳ್ಳೆ ಲೇಖನ ಆಗುತ್ತದೆ.

ಕಾರ್ಟೂನ್‌ಗೂ ಇದೇ ದಾರಿ, ಆದರೆ ಅಲ್ಲಿ ಕೇಳಬೇಕಾದ್ದು ದುಡ್ಡಿನ ಲೆಕ್ಕ. ವಿಲಿಯಂ ಹಾನಾ, ಜೋಸೆಫ್ ಬಾರ್ಬೆರಾ ಜೋಡಿ 1940ರಿಂದ ಟಾಮ್ ಅಂಡ್ ಜೆರ್ರಿ ಮಾಡಿದ್ದು ಎಂಜಿಎಂ ಕಂಪನಿಗೆ, ಥಿಯೇಟರಿಗಾಗಿ. 1957ರಲ್ಲಿ ಎಂಜಿಎಂನ ಕಾರ್ಟೂನ್ ವಿಭಾಗ ಮುಚ್ಚಿದಾಗ ಇಬ್ಬರೂ ಟಿವಿಗೆ ಬಂದರು. ಟಿವಿಯಲ್ಲಿ ದುಡ್ಡೂ ಕಡಿಮೆ, ಸಮಯವೂ ಕಡಿಮೆ. ಅವರು ಟಿವಿಗೆ ಮಾಡಿದ ಯೋಗಿ ಕರಡಿಯ ಕುತ್ತಿಗೆ ನೋಡಿ. ಕಾಲರ್, ಟೈ ಇದೆ. ಸುಮ್ನೆ ಅಲಂಕಾರ ಅಲ್ಲ. ಅಲ್ಲಿ ಗೆರೆ ಬಿದ್ದರೆ ಮೈಯನ್ನು ಹಾಗೇ ಬಿಟ್ಟು ತಲೆಯನ್ನಷ್ಟೇ ಹೊಸದಾಗಿ ಬರೆಯಬಹುದು. ಅವರದೇ ಇನ್ನೊಂದು ಕಾರ್ಟೂನಿನ ಫ್ರೆಡ್ ಫ್ಲಿಂಟ್‌ಸ್ಟೋನ್ ಕೂಡ ಕಲ್ಲಿನ ಯುಗದಲ್ಲಿ ಟೈ ಕಟ್ಟಿಕೊಂಡಿದ್ದಾನೆ! ಅವನು ಓಡುವಾಗ ಹಿಂದೆ ಅದೇ ಹಿನ್ನೆಲೆ ಮತ್ತೆ ಮತ್ತೆ ಬರುತ್ತದೆ. ಥಿಯೇಟರ್ ಕಾರ್ಟೂನ್‌ಗಳ ನಿರ್ದೇಶಕ ಚಕ್ ಜೋನ್ಸ್ ಇಂಥದ್ದನ್ನು ಚಿತ್ರ ಇರುವ ರೇಡಿಯೋ ಅಂತ ಹಂಗಿಸಿದ್ದ. ಕಣ್ಣು ಮುಚ್ಚಿ ಯೋಗಿಯನ್ನು ಕೇಳಿ, ಕಥೆ ಪೂರ್ತಿ ತಿಳಿಯುತ್ತದೆ. ಟಾಮ್ ಅಂಡ್ ಜೆರ್ರಿ ಹಾಗಲ್ಲ, ಸ್ಕಾಟ್ ಬ್ರಾಡ್ಲಿಯ ಸಂಗೀತ ಬೆಕ್ಕಿನ ಒಂದೊಂದು ಹೆಜ್ಜೆಗೂ ಅಂಟಿಕೊಂಡಿದೆ, ಎರಡನ್ನೂ ಬಿಡಿಸಲಾಗದು. ನನಗೆ ಯೋಗಿ ಇಷ್ಟ, ಆದರೆ ಅದು ಮಾತಿನ ಇಷ್ಟ.

ಸೈನ್ಸ್ ಫಿಕ್ಷನ್ ಬಗ್ಗೆ ಬರೆಯುವವರು ಜಾಸ್ತಿ ಮಾಡುವುದು ಅಂಕ ಹಾಕುವ ಕೆಲಸ. ಇದು ನಿಜವಾಯಿತು, ಅದು ಸುಳ್ಳಾಯಿತು. ಮಂಗಳ ಗ್ರಹದವರು ಭೂಮಿಯ ಮೇಲೆ ದಾಳಿ ಮಾಡುವ ಎಚ್.ಜಿ. ವೆಲ್ಸ್‌ನ ಕಾದಂಬರಿ "ದ ವಾರ್ ಆಫ್ ದ ವರ್ಲ್ಡ್ಸ್" ಇದೆಯಲ್ಲ, ಅದಕ್ಕೆ "ಮಂಗಳದಲ್ಲಿ ಅಂಥವರು ಇಲ್ಲ" ಅಂದರೆ ಏನು ಹೇಳಿದ ಹಾಗಾಯಿತು? ಅದು 1897ರಲ್ಲಿ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಮಾಸಪತ್ರಿಕೆಯಲ್ಲಿ ಕಂತಾಗಿ ಬಂದು, 1898ರಲ್ಲಿ ಪುಸ್ತಕವಾಯಿತು. ಕೊನೆಯಲ್ಲಿ ಮಂಗಳವಾಸಿಗಳು ಸಾಯುವುದು ತೋಪಿನಿಂದಲ್ಲ, ಭೂಮಿಯ ಸೂಕ್ಷ್ಮಾಣುಗಳಿಂದ. ಇದು ಲೇಖಕ ದಾರಿ ಕಾಣದೆ ಹೂಡಿದ ಉಪಾಯ ಅಂತ ತುಂಬ ಜನ ಗೊಣಗುತ್ತಾರೆ. ಮೊದಲ ಪ್ಯಾರಾ ಓದಿ. ನೀರಿನ ಹನಿಯೊಳಗಿನ ಜೀವಿಗಳನ್ನು ಮನುಷ್ಯ ಸೂಕ್ಷ್ಮದರ್ಶಕದಲ್ಲಿ ನೋಡುವ ಹಾಗೆ ಅವರು ನಮ್ಮನ್ನು ನೋಡುತ್ತಿದ್ದರು ಅಂತ ಅಲ್ಲೇ ಇದೆ. ಕೊಲ್ಲುವವನು ಮೊದಲ ಪುಟದಲ್ಲೇ ಕೂತಿದ್ದಾನೆ. ತಿಂಗಳು ತಿಂಗಳು ಓದಿದವನು ಅಷ್ಟರಲ್ಲಿ ಅದನ್ನು ಮರೆತಿರುತ್ತಾನೆ, ಅಷ್ಟೇ.

ಸೂಕ್ಷ್ಮಾಣು ಆಗ ಬಿಸಿಬಿಸಿ ಸುದ್ದಿಯೂ ಹೌದು. ಪ್ಲೇಗ್‌ನ ಬ್ಯಾಕ್ಟೀರಿಯಾ ಸಿಕ್ಕಿದ್ದು 1894ರಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಪುಸ್ತಕ ಬಂದ 1898ರಲ್ಲೇ ಬೆಂಗಳೂರಿಗೂ ಪ್ಲೇಗ್ ಬಂತು. ಇನ್ನೊಂದು ಮಾತು, ಮೊದಲ ಅಧ್ಯಾಯದಲ್ಲೇ ವೆಲ್ಸ್ ಯುರೋಪಿನವರು ಟಾಸ್ಮೇನಿಯಾದ ಮೂಲನಿವಾಸಿಗಳನ್ನು ಅಳಿಸಿಹಾಕಿದ್ದನ್ನು ಎತ್ತಿ, ಮಂಗಳವಾಸಿಗಳನ್ನು ಬೈಯಲು ನಮಗೇನು ಹಕ್ಕು ಅಂತ ಕೇಳುತ್ತಾನೆ. ಫ್ಯಾಂಟಮ್ ಹುಟ್ಟುವುದಕ್ಕೆ ಸುಮಾರು 40 ವರ್ಷ ಮೊದಲು! ಅದಕ್ಕೇ "ಆ ಕಾಲವೇ ಹಾಗಿತ್ತು" ಅನ್ನುವ ಮಾತು ನನಗೆ ಆಗಿಬರುವುದಿಲ್ಲ.

ನೀವು ಶುರು ಮಾಡುವುದಾದರೆ ಒಂದೇ ಕಥೆ ಹಿಡಿಯಿರಿ. ದಿನಕ್ಕೆ ಒಂದೆರಡು ಪುಟದಂತೆ ಓದಿ, ಅದು ಬಂದ ವೇಗದಲ್ಲೇ. ಬಾಲ್ಯದ ನೆನಪಿಗೆ ಒಂದು ಪ್ಯಾರಾ ಕೊಡಿ, ಸಾಕು. ಯಾವ ಆವೃತ್ತಿ ಓದಿದಿರಿ ಅಂತ ತಪ್ಪದೆ ಬರೆಯಿರಿ. ಇಂದ್ರಜಾಲ್ ಆದರೆ ಸಂಚಿಕೆ ಸಂಖ್ಯೆ ಹಾಕಿ. ಹಳೆ ಪ್ರತಿ ಕೊಳ್ಳುವಾಗ ಪುಟ ಎಣಿಸಿ, ನಡುವಿನ ಹಾಳೆ ಎಷ್ಟೋ ಸಲ ಇರುವುದಿಲ್ಲ. 1990ರಲ್ಲಿ ನಿಲ್ಲುವವರೆಗೆ ಒಟ್ಟು 803 ಸಂಚಿಕೆ ಬಂದವು. ಮುಷ್ಕರದಿಂದಾಗಿ 123, 124 ಅಚ್ಚಾಗಲೇ ಇಲ್ಲ. ಯಾರಾದರೂ "ಅಪರೂಪದ್ದು ಸಾರ್, 123ನೇದು ನನ್ನ ಹತ್ತಿರ ಇದೆ" ಅಂದರೆ ಮುಂಗಡ ಕೊಡಬೇಡಿ.