ಎತ್ತರ 5 ಅಡಿ 1 ಇಂಚು, ಬಾನೆಟ್ ಕಾಣಲ್ಲ. ಡ್ರೈವರ್ ಸೀಟಿಗೆ 2 ಇಂಚಿನ ಕುಷನ್ ಸಾಕಾ, 4 ಇಂಚಿನದು ಬೇಕಾ?

ಎರಡೂ ಬೇಡ. 4 ಇಂಚಿನದಂತೂ ಮುಟ್ಟಲೇಬೇಡಿ.

ನಾನೂ 5 ಅಡಿ 1 ಇಂಚು, ಊರು ದಾವಣಗೆರೆ. ಬಾನೆಟ್ ಕಾಣಲ್ಲ ಅಂತ ನಾನೂ 3 ಇಂಚಿನ ಸ್ಪಂಜಿನ ಕುಷನ್ ತಂದು ಹಾಕ್ಕೊಂಡಿದ್ದೆ, ಮೇಲೆ ನುಣುಪು ರೆಕ್ಸಿನ್ ಇರೋದು. ಎಂಟು ತಿಂಗಳು ಅದರ ಮೇಲೆ ಕೂತು ಕೆಲಸಕ್ಕೆ ಅಂತ ಚಿತ್ರದುರ್ಗಕ್ಕೆ ಓಡಾಡಿದೆ, ಹೋಗಿ ಬಂದು ದಿನಕ್ಕೆ ಸುಮಾರು 120 ಕಿಲೋಮೀಟರ್. ಅಂಬಾರಿ ಮೇಲೆ ಕೂತಂಗಿತ್ತು, ಸುಳ್ಳು ಯಾಕೆ ಹೇಳ್ಲಿ.

ನವೆಂಬರ್ ತಿಂಗಳ ಒಂದು ಸಂಜೆ ವಾಪಸ್ ಬರ್ತಿದ್ದೆ. ಭರಮಸಾಗರ ದಾಟಿತ್ತು, ಆನಗೋಡು ಇನ್ನೂ ಬಂದಿರಲಿಲ್ಲ. ಮೆಕ್ಕೆಜೋಳದ ಸುಗ್ಗಿ, ಸರ್ವಿಸ್ ರಸ್ತೆ ತುಂಬ ಜೋಳ ಹರವಿದ್ರು. ಅಲ್ಲಿಂದ ಚೀಲ ಹೇರಿದ ಟ್ರ್ಯಾಕ್ಟರ್ ಒಂದು ಹೈವೇಗೆ ಹತ್ತಿತು. ಟ್ರೈಲರ್ ಹಿಂದೆ ರಿಫ್ಲೆಕ್ಟರ್ ಇಲ್ಲ, ದೀಪ ಅಂತೂ ಕೇಳೋದೇ ಬೇಡ. ನನ್ನ ವೇಗ 70. ದೂರ ಸಾಕಷ್ಟಿತ್ತು, ಸರಿಯಾಗಿ ಬ್ರೇಕ್ ಬಿದ್ದಿದ್ರೆ ನಡುವೆ ಒಂದು ಆಟೋ ನಿಲ್ಲುವಷ್ಟು ಜಾಗ ಉಳೀತಿತ್ತು. ಉಳೀಲಿಲ್ಲ. ಬಂಪರ್, ರೇಡಿಯೇಟರ್, ಎಡಗಡೆ ಹೆಡ್‌ಲೈಟ್ ಹೋದವು. ಬಿಲ್ಲು 46 ಸಾವಿರ. ವಿಮೆಯಿಂದ ಅರ್ಧಕ್ಕಿಂತ ಜಾಸ್ತಿ ಬಂತು, ಆದರೆ ಕ್ಲೇಮ್ ಮಾಡಿದ್ದಕ್ಕೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಕಂತಿನಲ್ಲಿ ಸಿಗೋ ರಿಯಾಯಿತಿ) ಹೋಯ್ತು. ಬಲಗಾಲಿನ ಮೊಣಕಾಲು ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ಕಿಗೆ ಬಡಿದು ಮೂರು ವಾರ ಮೆಟ್ಟಿಲು ಹತ್ತೋಕಾಗಲಿಲ್ಲ.

ಆ ಟ್ರ್ಯಾಕ್ಟರಿನವನನ್ನ ಬಯ್ಯೋದು ಸುಲಭ, ಬೈದೂ ಇದ್ದೀನಿ. ಆದರೆ ಗುದ್ದಿಸಿದ್ದು ಕುಷನ್ನು. ಹೇಗೆ ಅಂತ ಬಿಡಿಸಿ ಹೇಳ್ತೀನಿ. ಕಥೆ ಕೇಳಿದವರೆಲ್ಲ "ಓ, ಕುಷನ್ ಜಾರಿತಾ" ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ. ಜಾರಿದ್ದು ಕೊನೇ ಹಂತ.

ಕುಷನ್ ನಿಮ್ಮನ್ನ 3 ಇಂಚು ಎತ್ತುತ್ತೆ, ಪೆಡಲ್ ಎಲ್ಲಿತ್ತೋ ಅಲ್ಲೇ ಇರುತ್ತೆ. ನಮ್ಮಂಥ ಗಿಡ್ಡ ಕಾಲಿನವರ ಹಿಮ್ಮಡಿ ಆಗ ನೆಲ ಬಿಡುತ್ತೆ. ಹಿಮ್ಮಡಿ ನೆಲದ ಮೇಲಿದ್ರೆ ಪಾದ ಬಾಗಿಲು ತಿರುಗಿದಂಗೆ ಆಕ್ಸಿಲರೇಟರ್‌ನಿಂದ ಬ್ರೇಕ್‌ಗೆ ತಿರುಗುತ್ತೆ. ಹಿಮ್ಮಡಿ ತೇಲ್ತಿದ್ರೆ ಇಡೀ ಕಾಲು ಎತ್ತಿ, ಪಕ್ಕಕ್ಕೆ ತಂದು, ಇಡಬೇಕು. ಅದಕ್ಕೆ ಹೆಚ್ಚಿಗೆ ಅರ್ಧ ಸೆಕೆಂಡು ಹಿಡೀತು ಅಂದ್ಕೊಳ್ಳಿ. 70ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 19 ಮೀಟರಿಗಿಂತ ಜಾಸ್ತಿ ಹೋಗುತ್ತೆ. ಅರ್ಧ ಸೆಕೆಂಡಿಗೆ ಹತ್ತಿರ ಹತ್ತಿರ 10 ಮೀಟರ್. ನನಗೆ ಬೇಕಾಗಿದ್ದು ಅದರಲ್ಲಿ ಕಾಲು ಭಾಗ.

ಇನ್ನು ಒತ್ತುವ ಬಲ. ಜೋರು ಬ್ರೇಕ್ ಬೆರಳ ತುದೀಲಿ ಬೀಳಲ್ಲ. ಗೋಡೆಗೆ ಬೆನ್ನು ಕೊಟ್ಟು ಬೀರು ತಳ್ತೀವಲ್ಲ, ಹಾಗೆ ಸೊಂಟ ಸೀಟಿನ ಬೆನ್ನಿಗೆ ಒತ್ತಿಕೊಂಡು ತೊಡೆಯಿಂದ ತಳ್ಳಬೇಕು. ನಾನು ಕುಷನ್ ಮೇಲೆ ಮುಂದಕ್ಕೆ ಸರಿದು ಕೂತಿದ್ದೆ, ಬೆನ್ನ ಹಿಂದೆ ಆಸರೆಯೇ ಇಲ್ಲ. ಸಾಲದ್ದಕ್ಕೆ ಕಾರಿನ ಸೀಟಿನ ಮುಂಭಾಗ ತುಸು ಎತ್ತರ, ಹಿಂಭಾಗ ತುಸು ತಗ್ಗು ಇರುತ್ತೆ, ಗಮನಿಸಿ. ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ಜಾರಬಾರದು ಅಂತಲೇ ಆ ಇಳಿಜಾರು ಮಾಡಿರ್ತಾರೆ. ಸ್ಪಂಜು ಅದನ್ನ ಸಮತಟ್ಟು ಮಾಡಿಬಿಡ್ತು, ರೆಕ್ಸಿನ್ ಉಳಿದಿದ್ದನ್ನ ಮುಗಿಸ್ತು. ಸೊಂಟದ ಮೂಳೆ ಮೇಲೆ ಕೂರಬೇಕಾದ ಬೆಲ್ಟು ಹೊಟ್ಟೆ ಮೇಲಕ್ಕೆ ಹತ್ತಿತ್ತು. ಮೂಳೆ ಹೊಡೆತ ತಡೆಯುತ್ತೆ, ಕರುಳು ತಡೆಯಲ್ಲ. ಇನ್ನೂ 20 ವೇಗ ಜಾಸ್ತಿ ಇದ್ದಿದ್ರೆ ಈ ಉತ್ತರ ಬರೆಯೋಕೆ ನಾನಿರ್ತಿದ್ನೋ ಇಲ್ವೋ.

ಪೆಡಲ್ ಎಟುಕಲ್ಲ ಅಂತ ಸೀಟು ಪೂರ್ತಿ ಮುಂದಕ್ಕೆ ತಂದಿದ್ದೆ ಬೇರೆ. ಎದೆಗೂ ಸ್ಟೀರಿಂಗಿಗೂ ಒಂದು ಗೇಣೂ ಇರಲಿಲ್ಲ. ಏರ್‌ಬ್ಯಾಗ್ ಅಲ್ಲಿಂದಲೇ ಸಿಡಿದು ಬರೋದು. ಸ್ಟೀರಿಂಗಿನ ನಡುಭಾಗಕ್ಕೂ ಎದೆಮೂಳೆಗೂ ಕಡಿಮೆ ಅಂದ್ರೂ 10 ಇಂಚು, ಅಂದ್ರೆ 25 ಸೆಂಟಿಮೀಟರ್ ಇರಬೇಕು. ಸ್ಕೇಲ್ ಹಿಡಿದು ಅಳೆಯಿರಿ, ಕಣ್ಣಂದಾಜು ಬೇಡ.

ಒಂದು ತಪ್ಪು ಕುಷನ್ನಿಂದಲ್ಲ, ನನ್ನದೇ: ಪೆಡಲ್ ಕಾಲಡಿ ಗಡಗಡ ಅಂದಾಗ ಏನೋ ಮುರೀತು ಅಂತ ಬ್ರೇಕ್ ಸಡಿಲ ಬಿಟ್ಟೆ. ಅದು ಎಬಿಎಸ್, ಅಂದ್ರೆ ಜೋರು ಬ್ರೇಕಿಗೆ ಚಕ್ರ ಲಾಕ್ ಆಗದಂಗೆ ತಡೆಯೋ ವ್ಯವಸ್ಥೆ, ಕೆಲಸ ಮಾಡೋ ಸದ್ದು. ಗಡಗಡ ಅಂದ್ರೆ ಇನ್ನೂ ಒತ್ತಬೇಕು, ಗಾಡಿ ನಿಲ್ಲೋ ತನಕ ಬಿಡಬಾರದು.

ಗ್ಯಾರೇಜಿನಲ್ಲಿ ಮೇಸ್ತ್ರಿ ಬಾಗಿಲು ತೆಗೆದವರೇ ಕುಷನ್ ಎತ್ತಿ ಹಿಂದಿನ ಸೀಟಿಗೆ ಎಸೆದ್ರು. ಸೀಟಿನ ಬಲಗಡೆ, ಬಾಗಿಲ ಪಕ್ಕದ ಉದ್ದ ಲಿವರ್ ಹಿಡಿದು, "ಇದು ಯಾಕಿದೆ ಅನ್ಕೊಂಡಿದ್ರಿ ಅಮ್ಮಾ?" ಅಂದ್ರು. ನಾನು ಬೆನ್ನು ಒರಗಿಸೋದು ಅನ್ಕೊಂಡಿದ್ದೆ. ಅದನ್ನ ಏತದಂಗೆ ಮೇಲಕ್ಕೆ ಎಳೆದೂ ಎಳೆದೂ ಬಿಟ್ರು, ಸೀಟು ಇಡಿಯಾಗಿ ಮೇಲೆ ಬಂತು! ಕಾರು ತಗೊಂಡ ದಿನದಿಂದ ಅಲ್ಲೇ ಇತ್ತು.

ನಿಮ್ಮ ಕಾರಿನಲ್ಲೂ ಅದಿದೆಯಾ ಅಂತ ಮೊದಲು ನೋಡಿ. ಇದ್ರೆ ದಿನಾ ಓಡಿಸೋ ಚಪ್ಪಲಿ ಹಾಕ್ಕೊಂಡೇ ಕೂತ್ಕೊಳ್ಳಿ, ಎತ್ತರ ಹಿಮ್ಮಡಿಯದು ಬೇಡ. ಸೊಂಟ ಸೀಟಿನ ಮೂಲೆಗೆ ತಾಗೋ ತನಕ ಹಿಂದಕ್ಕೆ ಸರೀರಿ. ಲಿವರ್ ಎಳೆದು ಎತ್ತರ ಮಾಡಿ, ತಲೆಗೂ ಚಾವಣಿಗೂ ನಾಲ್ಕು ಬೆರಳಾದ್ರೂ ಉಳಿಯಬೇಕು. ಆಮೇಲೆ ಇಂಜಿನ್ ಆನ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಗೇರ್ ನ್ಯೂಟ್ರಲ್. ಇಂಜಿನ್ ಆಫ್ ಇದ್ದಾಗ ಎರಡು ಮೂರು ಸಲ ಒತ್ತಿದ್ರೆ ಬ್ರೇಕ್ ಪೆಡಲ್ ಕಲ್ಲಾಗುತ್ತೆ, ಅಳತೆ ತಪ್ಪುತ್ತೆ. ಸೀಟಿನ ಕೆಳಗಿನ ಸರಳು ಎತ್ತಿ ಹಿಂದೆ ಮುಂದೆ ಮಾಡ್ತಾ ಎಡಗಾಲಲ್ಲಿ ಕ್ಲಚ್ ನೆಲಮುಟ್ಟ ಒತ್ತಿ. ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ಕಾಲು ಕೋಲಿನಂತೆ ನೆಟ್ಟಗಾದ್ರೆ ಸೀಟು ದೂರ ಆಯ್ತು ಅಂತ, ಮೊಣಕಾಲು ಸ್ಟೀರಿಂಗಿಗೆ ತಾಗಿದ್ರೆ ಹತ್ತಿರ ಆಯ್ತು. ಸರಳು ಬಿಟ್ಟ ಮೇಲೆ ಸೀಟು ಒಮ್ಮೆ ಅಲುಗಾಡಿಸಿ ಲಾಕ್ ಬಿತ್ತಾ ನೋಡಿ. ಕಾರು ಚಲಿಸ್ತಿರುವಾಗ ಆ ಸರಳು ಮುಟ್ಟೋದೇ ಬೇಡ, ಬ್ರೇಕ್ ಒತ್ತಿದಾಗ ಸೀಟು ಜಾರಿಬಿಡಬಹುದು.

ಸೀಟಿನ ಬೆನ್ನಿನ ಕೋನಕ್ಕೆ ಮಣಿಕಟ್ಟಿನ ಅಳತೆ: ಎರಡೂ ಭುಜ ಸೀಟಿಗೆ ತಾಗಿದ್ದಂಗೇ ಕೈ ಚಾಚಿ ಸ್ಟೀರಿಂಗಿನ ನೆತ್ತಿ ಮೇಲಿಡಿ. ಮಣಿಕಟ್ಟು ಕೂರಬೇಕು. ಬೆರಳ ತುದಿ ಮಾತ್ರ ಸಿಕ್ಕರೆ ಬೆನ್ನು ಜಾಸ್ತಿ ಒರಗಿದೆ. ಸ್ಟೀರಿಂಗ್ ಕೆಳಗಿನ ಟಿಲ್ಟ್ ಲಿವರ್ ಬಿಚ್ಚಿ ಮೀಟರ್ ಪೂರ್ತಿ ಕಾಣೋ ಹಾಗೆ ಇಳಿಸಿ, ತೊಡೆಗೆ ತಾಗಬಾರದು. ಇಷ್ಟಾದ ಮೇಲೂ 10 ಇಂಚು ಸಿಗ್ತಿಲ್ಲ ಅಂದ್ರೆ ಬೆನ್ನನ್ನ ಒಂದೊಂದೇ ಹಲ್ಲು ಹಿಂದಕ್ಕೆ ಬಿಡಿ. ಬೆಲ್ಟು ಕುತ್ತಿಗೆ ಕೊಯ್ತಿದ್ರೆ ಬಾಗಿಲ ಕಂಬದ ಮೇಲೆ ಅದನ್ನ ಕೆಳಗಿಳಿಸೋ ಗುಂಡಿ ಇದೆಯಾ ನೋಡಿ, ಭುಜದ ಮೂಳೆಯ ನಡುವೆ ಹಾದು ಹೋಗಬೇಕು. ಕನ್ನಡಿ ಕೊನೆಗೆ. ಸೀಟು ಬದಲಾದ್ರೆ ಮೂರೂ ಕನ್ನಡಿ ಬದಲಾಗಬೇಕು.

ಈಗ ಬಾನೆಟ್ ವಿಷಯ. ಬಾನೆಟ್ ಕಾಣಬೇಕು ಅನ್ನೋದೇ ತಪ್ಪು ಲೆಕ್ಕ. ಈಗಿನ ಬಹುಪಾಲು ಸಣ್ಣ ಕಾರುಗಳ ಮೂತಿ ಕೆಳಕ್ಕೆ ಬಾಗಿರುತ್ತೆ, ನಮ್ಮ ಮನೆಯವರು 5 ಅಡಿ 11, ಅವರಿಗೂ ತುದಿ ಕಾಣಲ್ಲ. ಕಾಣಬೇಕಾದ್ದು ರಸ್ತೆ. ಭಾನುವಾರ ಬೆಳಿಗ್ಗೆ ಹೈಸ್ಕೂಲ್ ಮೈದಾನಕ್ಕೆ ಹೋಗಿ ಬಂಪರ್ ಮುಂದೆ ಒಂದು ಪ್ಲಾಸ್ಟಿಕ್ ಸ್ಟೂಲ್ ಇಟ್ಟು, ಒಂದೊಂದು ಹೆಜ್ಜೆ ದೂರ ಸರಿಸ್ತಾ ಸೀಟಿನಿಂದ ನೋಡಿ. ಎಲ್ಲಿ ಪೂರ್ತಿ ಕಾಣೋಕೆ ಶುರುವಾಗುತ್ತೆ ಅಂತ ಗೊತ್ತಾದ್ರೆ ಅದೇ ನಿಮ್ಮ ಬಾನೆಟ್. ಟ್ರಾಫಿಕ್ಕಲ್ಲಿ ನಿಂತಾಗ ಮುಂದಿನ ಗಾಡಿಯ ಹಿಂದಿನ ಚಕ್ರ ರಸ್ತೆ ಮುಟ್ಟೋ ಜಾಗ ಕಾಣ್ತಿರಲಿ, ಸಾಕು. ಎಡಗಡೆ ಅಂದಾಜಿಗೆ ಹೈವೇಯ ಎಡ ಅಂಚಿನ ಬಿಳಿ ಗೆರೆ ಡ್ಯಾಶ್‌ಬೋರ್ಡಿನ ಯಾವ ಜಾಗಕ್ಕೆ ಬಂದು ಸೇರುತ್ತೆ ನೋಡಿಕೊಳ್ಳಿ, ಸಾಮಾನ್ಯವಾಗಿ ನಡುಮಧ್ಯದ ಹತ್ತಿರ. ಮಂಡಿಪೇಟೆಯ ಗಲ್ಲೀಲಿ ಈ ಲೆಕ್ಕ ಕೆಲಸಕ್ಕೆ ಬರುತ್ತೆ, ಕುಷನ್ ಬರಲ್ಲ.

ನಿಮ್ಮದು ಲಿವರ್ ಇಲ್ಲದ ಕೆಳಗಿನ ಮಾಡೆಲ್ ಆಗಿದ್ರೆ? ಆಗ ಮಾತ್ರ, ಒಂದು ಇಂಚಿಗಿಂತ ದಪ್ಪ ಇಲ್ಲದ, ಒತ್ತಿದ್ರೆ ಕುಸಿಯದ, ಅಡಿಯಲ್ಲಿ ರಬ್ಬರ್ ಇರುವ, ಸೀಟಿಗೆ ಕಟ್ಟೋ ಪ್ಯಾಡ್. ಹಿಮ್ಮಡಿ ನೆಲ ಬಿಟ್ರೆ ಅದೂ ಬೇಡ. ಸೀಟಿನ ಬೋಲ್ಟ್ ಕೆಳಗೆ ಕಬ್ಬಿಣದ ತುಂಡು ಕೊಟ್ಟು ಎತ್ತರಿಸ್ತೀನಿ ಅಂತ ಯಾರಾದ್ರೂ ಅಂದ್ರೆ ಕೈಮುಗಿದು ಬನ್ನಿ, ಗುದ್ದಿದಾಗ ಇಡೀ ಭಾರ ಬೀಳೋದು ಆ ಬೋಲ್ಟುಗಳ ಮೇಲೆ. ಕಾರು ಇನ್ನೂ ಬುಕ್ ಮಾತ್ರ ಆಗಿದ್ರೆ ದೊಡ್ಡ ಟಚ್‌ಸ್ಕ್ರೀನ್ ಬಿಟ್ಟು ಹೈಟ್ ಅಡ್ಜಸ್ಟ್ ಇರೋದಕ್ಕೆ ಬದಲಾಯಿಸಿ.

ಮನೆಯವರು ಓಡಿಸಿದ ಮರುದಿನ ಸೀಟು ಎಲ್ಲೆಲ್ಲೋ ಇರುತ್ತಲ್ಲ, ಅದಕ್ಕೆ ನಾನು ಹಲ್ಲು ಎಣಿಸಿ ಇಟ್ಕೊಂಡಿದ್ದೀನಿ: ಪೂರ್ತಿ ಹಿಂದಿನಿಂದ ಮುಂದಕ್ಕೆ 9 ಕಟಕ್, ಪೂರ್ತಿ ಕೆಳಗಿನಿಂದ ಲಿವರ್ 14 ಎಳೆತ. ನಿಮ್ಮದೂ ಒಮ್ಮೆ ಎಣಿಸಿ ಸನ್‌ವೈಸರ್ ಹಿಂದೆ ಬರೆದಿಡಿ.