ಒಲಿಫಾಂಟ್ಸ್‌ಬೊಸ್ ನಡಿಗೆಗೆ ಮಾರ್ಗದರ್ಶಕರು ಬೇಕೆ?

ನಮಸ್ಕಾರ. ದಕ್ಷಿಣ ಆಫ್ರಿಕಾದ ಕೇಪ್ ಪಾಯಿಂಟ್ ಬಳಿ ಒಡೆದ ಹಡಗುಗಳನ್ನೂ ವನ್ಯಜೀವಿಗಳನ್ನೂ ನೋಡುವ ನಡಿಗೆಗೆ ಮಾರ್ಗದರ್ಶಕರು ಬೇಕೇಬೇಕೆ, ಯಾವ ಹೊತ್ತಿಗೆ ಹೊರಡಬೇಕು ಎಂದು ಕೇಳಿದ್ದೀರಿ. ದಾರಿ ತಪ್ಪುವ ಭಯಕ್ಕಾದರೆ ಬೇಕಿಲ್ಲ. ಅಲ್ಲಿನ ಒಲಿಫಾಂಟ್ಸ್‌ಬೊಸ್ ಎಂಬ ಕಡಲತೀರದಿಂದ ದಕ್ಷಿಣಕ್ಕೆ ಕಡಲಂಚನ್ನೇ ಹಿಡಿದು ಸಾಗುವ ಹಾದಿಯದು. ಆದರೆ ಎದುರಿಗೆ ಬಿದ್ದಿರುವ ತುಕ್ಕು ಹಿಡಿದ ಕಬ್ಬಿಣ ಯಾವ ಹಡಗಿನದೆಂದು ತಿಳಿಯಬೇಕಾದರೆ ಬಲ್ಲವರೊಬ್ಬರು ಜೊತೆಗಿರುವುದು ಲೇಸು. ಅಮೆರಿಕದ ಲಿಬರ್ಟಿ ಹಡಗು (ಎರಡನೇ ಮಹಾಯುದ್ಧಕ್ಕಾಗಿ ಕಟ್ಟಿದ ಸರಕು ಹಡಗು) ಥಾಮಸ್ ಟಿ. ಟಕರ್ 1942ರಲ್ಲಿ, ಯುದ್ಧಸಾಮಗ್ರಿ ಹೊತ್ತು ತನ್ನ ಮೊದಲ ಯಾನದಲ್ಲಿದ್ದಾಗಲೇ, ಇಲ್ಲಿ ನೆಲಹತ್ತಿತು. ಅಲೆಗಳು ಅದನ್ನು ಎಷ್ಟು ಚೆಲ್ಲಾಪಿಲ್ಲಿ ಮಾಡಿವೆಯೆಂದರೆ, ಒಂದೇ ಹಡಗಿನ ತುಂಡುಗಳನ್ನು ಬೇರೆ ಬೇರೆ ಹಡಗುಗಳೆಂದು ಭಾವಿಸುವುದು ಸುಲಭ. ಇನ್ನೂ ಮುಂದೆ 1965ರಲ್ಲಿ ಒಡೆದ ಡಚ್ ಹಡಗು ನೊಲೋತ್‌ನ ಅವಶೇಷವಿದೆ.

ಹೊರಡುವ ಹೊತ್ತನ್ನು ಸಮುದ್ರದ ಇಳಿತ ನೋಡಿ ನಿರ್ಧರಿಸಿ. ಭರತದಲ್ಲಿ ಕೆಲವು ತುಂಡುಗಳು ನೀರಿನಡಿ ಸೇರುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿಯುತ್ತದೆ. ಅಲ್ಲಿನ ಬೇಸಿಗೆಯಲ್ಲಿ (ಡಿಸೆಂಬರ್–ಫೆಬ್ರವರಿ ಸುಮಾರಿಗೆ) ಬೀಸುವ ಆಗ್ನೇಯದ ಗಾಳಿ ಬಲು ಜೋರು. ಹೋಗುವಾಗ ಅದು ಮುಖಕ್ಕೇ ಹೊಡೆಯುವುದರಿಂದ, ಗಾಳಿ ಬಲವೇರುವ ಮುನ್ನ ಬೆಳಿಗ್ಗೆಯೇ ಹೊರಡುವುದು ಮೇಲು.

ಬಿಳಿ ಮುಖದ ಬಾಂಟೆಬಾಕ್ ಹುಲ್ಲೆಗಳೂ ಆಸ್ಟ್ರಿಚ್‌ಗಳೂ ಕಾಣಸಿಗಬಹುದು. ಕಪ್ಪು ಮೈ, ಕೆಂಪು ಕೊಕ್ಕಿನ ಆಯ್ಸ್ಟರ್‌ಕ್ಯಾಚರ್ ಹಕ್ಕಿ ಬೇಸಿಗೆಯಲ್ಲಿ ತೆರೆದ ಮರಳಿನ ಮೇಲೆಯೇ, ಭರತರೇಖೆಯ ತುಸು ಮೇಲೆ, ಮೊಟ್ಟೆಯಿಡುತ್ತದೆ. ಆ ಮೊಟ್ಟೆಗಳು ಕಲ್ಲಿನ ನಡುವೆ ಕಣ್ಣಿಗೆ ಬೀಳುವುದೇ ಇಲ್ಲವಾದ್ದರಿಂದ ಆ ದಿನಗಳಲ್ಲಿ ಒದ್ದೆ ಮರಳಿನ ಮೇಲೆ ನಡೆಯಿರಿ. ಬಬೂನ್‌ಗಳ ಎದುರು ಮಾತ್ರ ಬುತ್ತಿ ಬಿಚ್ಚಬೇಡಿ. ಅವಕ್ಕೆ ತಿನ್ನಲು ಕೊಡುವುದು ಅಲ್ಲಿ ಅಪರಾಧವೂ ಹೌದು.