ಅಪ್ಪ ಸಪ್ಪೆ ಊಟ ಮಾಡ್ತಿಲ್ಲ ಅಂದವರಿಗೆ

ನಿಮ್ಮ ಪೋಸ್ಟ್ ನಿನ್ನೆ ರಾತ್ರಿಯೇ ಓದಿದೆ. ಅಪ್ಪನಿಗೆ 68, ಬಿಪಿ ಜಾಸ್ತಿ, ಡಾಕ್ಟರು ದಿನಕ್ಕೆ 5 ಗ್ರಾಂ ಉಪ್ಪಿನ ಒಳಗೇ ಇರಬೇಕು ಅಂದಿದ್ದಾರೆ. ಅವರು "ಉಪ್ಪಿಗಿಂತ ರುಚಿಯಿಲ್ಲ" ಅಂತ ಗಾದೆ ಹೇಳಿ ತಟ್ಟೆ ದೂಡ್ತಾರೆ. ಅಂಗಡಿಯಿಂದ ಏನು ತರಬೇಕು, ಏನು ಬಿಡಬೇಕು, ತಾರಸಿಯಲ್ಲಿ ಏನಾದರೂ ಬೆಳೆದರೆ ಉಪಯೋಗ ಆಗುತ್ತಾ ಅಂತ ಕೇಳಿದ್ದೀರಿ. ಅದಕ್ಕೆ ನಾಲ್ಕು ಜನ "ಸೈಂಧವ ಲವಣ ಹಾಕಿ, ಏನೂ ಆಗಲ್ಲ" ಅಂತ ಉತ್ತರ ಕೊಟ್ಟಿದ್ದಾರೆ. ಅದನ್ನು ನೋಡಿ ಸುಮ್ಮನಿರೋಕೆ ಆಗಲಿಲ್ಲ.

ಸೈಂಧವ ಲವಣವೂ ಸೋಡಿಯಂ ಕ್ಲೋರೈಡೇ. ಬಣ್ಣ ಬೇರೆ, ಬೆಲೆ ಬೇರೆ, ಸೋಡಿಯಂ ಹೆಚ್ಚುಕಮ್ಮಿ ಅಷ್ಟೇ. ಬಹಳಷ್ಟು ಸಲ ಅದಕ್ಕೆ ಅಯೋಡಿನ್ ಕೂಡ ಸೇರಿಸಿರಲ್ಲ. ಇನ್ನು "ಸೋಡಿಯಂ ಕಡಿಮೆ" ಅಂತ ಮಾರುವ ಉಪ್ಪಿನಲ್ಲಿ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತೆ. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಅಂಥ ಉಪ್ಪು ಬಳಸಬಹುದು ಅಂತ ಸಲಹೆ ಕೊಟ್ಟಿದೆ ನಿಜ, ಆದರೆ ಕಿಡ್ನಿ ತೊಂದರೆ ಇರುವವರನ್ನು ಬಿಟ್ಟು. ಬಿಪಿಗೆ ಕೊಡುವ ಕೆಲವು ಮಾತ್ರೆಗಳೂ ಮೈಯಲ್ಲಿ ಪೊಟ್ಯಾಸಿಯಂ ಉಳಿಸ್ತಾವೆ. ಹಾಗಾಗಿ ಅಪ್ಪನ ಮಾತ್ರೆ ಚೀಟಿ ಡಾಕ್ಟರಿಗೆ ತೋರಿಸಿ, ಕೇಳಿ, ಆಮೇಲೆ ತನ್ನಿ.

ಈಗ ನಮ್ಮನೆ ಕಥೆ. ನಮ್ಮನೆಯವರಿಗೆ ಹೃದಯದ ತೊಂದರೆಯಾಗಿ ಮೂರು ವರ್ಷ ಆಯ್ತು. ಅವರಿಗೆ ಹೇಳಿದ್ದು 4 ಗ್ರಾಂ. ನಾನು ಮೊದಲ ವಾರ ಮಾಡಿದ ತಪ್ಪನ್ನೇ ನೀವೂ ಮಾಡ್ತಿದ್ದೀರಿ ಅನ್ನಿಸುತ್ತೆ: ಸಾರಿಗೆ, ಪಲ್ಯಕ್ಕೆ, ಮಜ್ಜಿಗೆಗೆ, ಎಲ್ಲಕ್ಕೂ ಅರ್ಧರ್ಧ ಉಪ್ಪು. ಆಗ ಆಗೋದೇನಂದ್ರೆ ಎಲ್ಲವೂ ಸಪ್ಪೆ, ಯಾವುದರಲ್ಲೂ ಉಪ್ಪಿನ ರುಚಿ ನಾಲಿಗೆಗೆ ಸಿಗಲ್ಲ. ಇವರು ಒಂದು ಮಾತೂ ಆಡದೆ ಊಟ ಮಾಡಿ ಏಳ್ತಿದ್ದರು. ಎಷ್ಟು ಒಳ್ಳೆಯವರು ಅಂದುಕೊಂಡೆ. ಐದನೇ ದಿನ ನೋಡಿದರೆ ಮಾವಿನ ಮಿಡಿ ಭರಣಿಯ ಬಟ್ಟೆ ಸಡಿಲ ಆಗಿದೆ, ಒಳಗೆ ರಸ ಎರಡು ಬೆರಳು ಇಳಿದಿದೆ!

ಆಮೇಲೆ ದಾರಿ ಬದಲಿಸಿದೆ. ಹಳೇ ಕುಂಕುಮದ ಭರಣಿ ಒಂದಿತ್ತು, ಅದನ್ನು ತೊಳೆದು ಒಣಗಿಸಿ ದಿನಾ ಬೆಳಿಗ್ಗೆ ಅವರ ಪಾಲಿನ ಉಪ್ಪನ್ನು ತೂಗಿ ಅದರಲ್ಲಿ ಹಾಕಿಡೋದು. ಅಡುಗೆ ಮನೆಗೆ ಅಂತ 1 ಗ್ರಾಂ ತೂಗುವ ಚಿಕ್ಕ ತಕ್ಕಡಿ ತರಿಸಿದ್ದೆ. ಇಲ್ಲದಿದ್ದರೆ ತಲೆ ತಟ್ಟಿದ ಒಂದು ಟೀ ಚಮಚ ಪುಡಿ ಉಪ್ಪು 5–6 ಗ್ರಾಂ ಅಂತ ಲೆಕ್ಕ ಇಟ್ಟುಕೊಳ್ಳಿ. ಕಲ್ಲುಪ್ಪನ್ನು ಚಮಚದಲ್ಲಿ ಅಳೀಬೇಡಿ, ಹರಳಿನ ಗಾತ್ರಕ್ಕೆ ತಕ್ಕ ಹಾಗೆ ತೂಕ ಏರುಪೇರಾಗುತ್ತೆ. ಪಾತ್ರೆಯಲ್ಲಿ ಬೇಯುವ ಯಾವುದಕ್ಕೂ ಈಗ ಉಪ್ಪಿಲ್ಲ. ಬಡಿಸಿದ ಮೇಲೆ ಅವರೇ ಭರಣಿಯಿಂದ ಚಿಟಿಕೆ ತೆಗೆದು ಮೇಲೆ ಉದುರಿಸಿಕೊಳ್ತಾರೆ. ಒಳಗೆ ಬೆಂದು ಸೇರಿದ ಉಪ್ಪಿಗಿಂತ ಮೇಲೆ ಕೂತ ಉಪ್ಪು ನಾಲಿಗೆಗೆ ಮೊದಲು ಸಿಗುತ್ತೆ, ಸ್ವಲ್ಪವೇ ಸಾಕಾಗುತ್ತೆ. ಇದೇನು ಹೊಸದಲ್ಲ, ನಮ್ಮ ಹಿರಿಯರು ಬಾಳೆಲೆ ತುದಿಗೆ ಮೊದಲು ಉಪ್ಪು ಬಡಿಸ್ತಿರಲಿಲ್ಲವಾ? ಉಳಿದವರು ಅವರವರ ಉಪ್ಪು ಹಾಕಿಕೊಂಡು ತಿಂತಾರೆ, ಎರಡೆರಡು ಅಡುಗೆ ಬೇಕಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಭರಣಿ ಅವರ ಕೈಯಲ್ಲಿದೆ. ಮಧ್ಯಾಹ್ನ ಹೆಚ್ಚು ಹಾಕಿಕೊಂಡರೆ ರಾತ್ರಿಗೆ ಕಡಿಮೆ ಅಂತ ಅವರೇ ಲೆಕ್ಕ ಹಾಕ್ತಾರೆ. ನನಗೆ ಪೊಲೀಸ್ ಕೆಲಸ ತಪ್ಪಿತು.

ಅನ್ನ, ಮುದ್ದೆ, ಜೋಳದ ರೊಟ್ಟಿಗೆ ನಮ್ಮಲ್ಲಿ ಹೆಚ್ಚಿನವರು ಮೊದಲಿಂದಲೂ ಉಪ್ಪು ಹಾಕಲ್ಲ. ಅದೇ ನಮ್ಮ ಪುಣ್ಯ. ಬೆಳಿಗ್ಗೆ ಬ್ರೆಡ್ ತಿನ್ನುವ ಅಭ್ಯಾಸ ಇದ್ದರೆ ಎರಡು ತುಂಡಿಗೇ 250 ಮಿ.ಗ್ರಾಂ ಆಸುಪಾಸು ಸೋಡಿಯಂ ಹೋಗಿರುತ್ತೆ.

ಅಂಗಡಿ ವಿಚಾರಕ್ಕೆ ಬರ್ತೀನಿ. ಪ್ಯಾಕೆಟ್ ಹಿಂದೆ ಉಪ್ಪು ಎಷ್ಟು ಅಂತ ಬರೆದಿರಲ್ಲ, ಸೋಡಿಯಂ ಎಷ್ಟು ಅಂತ ಮಿ.ಗ್ರಾಂನಲ್ಲಿ ಬರೆದಿರ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ. 5 ಗ್ರಾಂ ಉಪ್ಪು ಅಂದ್ರೆ 2000 ಮಿ.ಗ್ರಾಂ ಸೋಡಿಯಂ. 100 ಗ್ರಾಂಗೆ 120 ಮಿ.ಗ್ರಾಂ ಒಳಗಿದ್ದರೆ ಮಾತ್ರ "ಕಡಿಮೆ ಸೋಡಿಯಂ" ಅಂತ ಹಾಕಿಕೊಳ್ಳಬಹುದು ಅನ್ನೋದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ನಾನು 120 ಅನ್ನೋ ಆ ಒಂದು ಅಂಕಿ ತಲೆಯಲ್ಲಿಟ್ಟುಕೊಂಡು ಅಂಗಡಿಗೆ ಹೋಗ್ತೀನಿ. ಇನ್ನೊಂದು ಮೋಸ ಇದೆ. "ಒಂದು ಸರ್ವಿಂಗ್‌ಗೆ" ಅಂತ ಚಿಕ್ಕ ಅಂಕಿ ಕೊಟ್ಟು, ಆ ಸರ್ವಿಂಗ್ ಅಂದ್ರೆ ಎರಡೇ ಬಿಸ್ಕತ್ತು ಅಂತ ಕೆಳಗೆ ಬರೆದಿರ್ತಾರೆ. 100 ಗ್ರಾಂ ಕಾಲಮ್ಮನ್ನೇ ನೋಡಿ.

ಉಪ್ಪಿನಕಾಯಿ, ಹಪ್ಪಳ, ಚಕ್ಕುಲಿ, ನಿಪ್ಪಟ್ಟು, ಒಣ ಮೀನು, ನೂಡಲ್ಸ್, ಸಾಸು ಇವೆಲ್ಲ ನಿಮಗೇ ಗೊತ್ತಿರುತ್ತೆ. ಗೊತ್ತಿಲ್ಲದೆ ನುಗ್ಗುವವು ಬೇರೆ ಇವೆ. ಪ್ಯಾಕೆಟ್ಟಿನ ಸಾಂಬಾರ್ ಪುಡಿ ಕೆಲವಕ್ಕೆ ಉಪ್ಪು ಸೇರಿಸಿರ್ತಾರೆ, ಶುಂಠಿ-ಬೆಳ್ಳುಳ್ಳಿ ಪೇಸ್ಟಿಗೂ ಅಷ್ಟೇ. ಹಳೇ ಹುಣಸೆಹಣ್ಣನ್ನು ಕೆಡದ ಹಾಗೆ ಉಪ್ಪು ಹಾಕಿ ಇಟ್ಟಿರ್ತಾರೆ; ತರುವ ಮೊದಲು ಒಂದು ಎಸಳು ನೆಕ್ಕಿ ನೋಡಿ. ಅಂಗಡಿ ಬೆಣ್ಣೆ, ಪ್ಯಾಕೆಟ್ ಮಜ್ಜಿಗೆಗೆ ಹೆಚ್ಚಾಗಿ ಉಪ್ಪು ಹಾಕಿರ್ತಾರೆ; ಮೊಸರಿಗೆ ಇರಲ್ಲ, ಮೊಸರು ತಂದು ಮನೆಯಲ್ಲೇ ಕಡೆಯಿರಿ. ಅಡುಗೆ ಸೋಡಾ ಉಪ್ಪುಪ್ಪು ಅನ್ನಿಸಲ್ಲ, ಆದರೆ ಒಂದು ಟೀ ಚಮಚದಲ್ಲಿ 1200 ಮಿ.ಗ್ರಾಂಗಿಂತ ಹೆಚ್ಚು ಸೋಡಿಯಂ. ಹಪ್ಪಳದ ಖಾರವೂ (ಹಿಟ್ಟಿಗೆ ಸೇರಿಸುವ ಕ್ಷಾರ, ಮೆಣಸಿನ ಖಾರ ಅಲ್ಲ) ಅದೇ ಜಾತಿ. ಹೊಟ್ಟೆ ಉಬ್ಬರಕ್ಕೆ ನೀರಿಗೆ ಹಾಕಿ ಕುಡಿಯುವ ಬುಸ್ಸೆನ್ನುವ ಪುಡಿ, ಹಾಗೇ ನೊರೆ ಬರುವ ಮಾತ್ರೆಗಳು, ಅವನ್ನೂ ಡಾಕ್ಟರಿಗೆ ಹೇಳಿ. ನಮ್ಮನೆಯಲ್ಲಿ ಇದು ತಿಳಿದಿದ್ದು ಎಂಟು ತಿಂಗಳಾದ ಮೇಲೆ.

ಅಡುಗೆಯಲ್ಲಿ ಉಪ್ಪು ಬಿಟ್ಟ ಜಾಗಕ್ಕೆ ಏನು? ಹುಳಿ, ಹೊಗೆ, ಘಮ. ಖಾರ ಅಂತ ನಾನು ಹೇಳಲ್ಲ, ಖಾರ ಜಾಸ್ತಿ ಮಾಡಿದರೆ ನಮ್ಮನೆಯವರು ಇನ್ನಷ್ಟು ಉಪ್ಪು ಕೇಳ್ತಾರೆ. ಇವರು ತಕರಾರಿಲ್ಲದೆ ಉಣ್ಣುವ ಸಾರು ಹೀಗಿದೆ, ಮೂರು ಜನಕ್ಕೆ: ಎರಡು ನಾಟಿ ಟೊಮೇಟೊವನ್ನು ಉರಿಯ ಮೇಲೆ ನೇರ ಇಟ್ಟು ಸಿಪ್ಪೆ ಕಪ್ಪಾಗಿ ಒಡೆಯುವ ತನಕ ಸುಡಿ. ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು ಬಾಣಲೆಯಲ್ಲಿ ಹುರಿದು ಆಗಲೇ ಕುಟ್ಟಿ. ನಿನ್ನೆ ಕುಟ್ಟಿದ್ದು ಬೇಡ, ಘಮ ಹೋಗಿರುತ್ತೆ. ನಾಲ್ಕು ಎಸಳು ಬೆಳ್ಳುಳ್ಳಿ ಸಿಪ್ಪೆ ಸಮೇತ ಜಜ್ಜಿ. ತೊಗರಿಬೇಳೆ ಕಟ್ಟಿಗೆ ಟೊಮೇಟೊ ಕಿವುಚಿ, ಬೆಳ್ಳುಳ್ಳಿ ಹಾಕಿ ಕುದಿಸಿ, ಕೊನೆಗೆ ಕುಟ್ಟಿದ ಪುಡಿ ಹಾಕಿ ಒಂದೇ ಕುದಿ. ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು. ನಿಂಬೆ ಕುದಿಯುವಾಗ ಹಿಂಡಬೇಡಿ, ಕಹಿ ಬರುತ್ತೆ. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಊಟಕ್ಕೆ ಕೂತ ಮೇಲೆ ಹಾಕಿ. ಚುಂಯ್ ಅನ್ನೋ ಸದ್ದು ಅವರ ಕಿವಿಗೆ ಬೀಳಬೇಕು, ಅದೂ ರುಚಿಯೇ. ಇದಕ್ಕೆ ಇವರು ಹಾಕಿಕೊಳ್ಳೋದು ಒಂದು ಚಿಟಿಕೆ.

ತಂಬುಳಿಗೆ ಆ ಚಿಟಿಕೆಯೂ ಬೇಡ. ದೊಡ್ಡಪತ್ರೆಯ ಹತ್ತು ಎಲೆ, ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಜತೆ ನುಣ್ಣಗೆ ರುಬ್ಬಿ, ಹುಳಿ ಮಜ್ಜಿಗೆಗೆ ಕಲಸಿ. ಮಜ್ಜಿಗೆ ಹುಳಿ ಇರಲೇಬೇಕು, ಸಿಹಿ ಮಜ್ಜಿಗೆಯಲ್ಲಿ ಮಾಡಿದರೆ ಬರೀ ಸೊಪ್ಪಿನ ನೀರು. ಮಜ್ಜಿಗೆ ಮೆಣಸಿನಕಾಯಿ ನಿಲ್ಲಿಸಿದ್ದಕ್ಕೆ ಮೊದಲು ಗಲಾಟೆ ಆಯ್ತು. ಈಗ ಬ್ಯಾಡಗಿ ಮೆಣಸಿನಕಾಯನ್ನು ಹಾಗೇ ಎಣ್ಣೆಯಲ್ಲಿ ಗರಿಗರಿ ಹುರಿದು ಮೊಸರನ್ನಕ್ಕೆ ಪುಡಿ ಮಾಡಿ ಹಾಕ್ತೀನಿ. ಧಾರವಾಡದ ನನ್ನ ಅತ್ತಿಗೆ ಕಲಿಸಿದ ಗುರೆಳ್ಳು ಪುಡಿಯೂ (ಬೆಳ್ಳುಳ್ಳಿ, ಒಣಮೆಣಸು, ಸ್ವಲ್ಪ ಹುಣಸೆ, ಉಪ್ಪಿಲ್ಲ) ರೊಟ್ಟಿಗೆ ಚೆನ್ನಾಗಿ ಹೋಗುತ್ತೆ. ಇಡ್ಲಿ ಹಿಟ್ಟು ಉಪ್ಪಿಲ್ಲದೆಯೂ ಹುದುಗುತ್ತೆ, ಬೇಸಿಗೆಯಲ್ಲಿ ಬೇಗ ಹುಳಿಯಾಗುತ್ತೆ, ಕಣ್ಣಿಡಿ.

ಸೋತಿದ್ದೂ ಹೇಳ್ತೀನಿ. ಹಾಗಲಕಾಯಿ ಬೇಡ. ಕಹಿಯನ್ನು ಅದುಮುವುದೇ ಉಪ್ಪು, ಅದಿಲ್ಲದೆ ಹಾಗಲ ಬಾಯಿಗಿಡೋಕೆ ಆಗಲ್ಲ. ಉಪ್ಪಿಟ್ಟನ್ನೂ ನಾನು ಕೈಬಿಟ್ಟೆ, ಹೆಸರಲ್ಲೇ ಉಪ್ಪು ಇಟ್ಟುಕೊಂಡಿರೋದರ ಜತೆ ಜಗಳ ಯಾಕೆ?

ಅಪ್ಪನಿಗೆ ಒಂದು ಮಾತು ಹೇಳಿ: ನಾಲಿಗೆ ಬದಲಾಗುತ್ತೆ, ಆದರೆ ವಾರದಲ್ಲಿ ಅಲ್ಲ. ಇವರಿಗೆ ಎರಡು ತಿಂಗಳು ಹಿಡೀತು. ಆಮೇಲೊಂದು ಮದುವೆ ಮನೆಯಲ್ಲಿ ಹುಳಿ ಬಾಯಿಗಿಟ್ಟು "ಇದೇನೇ, ಸಮುದ್ರದ ನೀರು" ಅಂದರು! ಹಾಗಂತ ಉಪ್ಪು ಪೂರ್ತಿ ನಿಲ್ಲಿಸಬೇಡಿ. ವಯಸ್ಸಾದವರಿಗೆ, ಅದರಲ್ಲೂ ನೀರು ಹೋಗುವ ಮಾತ್ರೆ ತಗೊಳ್ಳೋರಿಗೆ, ರಕ್ತದಲ್ಲಿ ಸೋಡಿಯಂ ತೀರಾ ಇಳಿದರೆ ತಲೆ ಸುತ್ತು, ಗೊಂದಲ ಶುರುವಾಗುತ್ತೆ. ಡಾಕ್ಟರು ಹೇಳಿದ ಅಳತೆ ಎಷ್ಟೋ ಅಷ್ಟು.

ತಾರಸಿಗೆ: ಒಂದು ಡ್ರಮ್ಮಿನಲ್ಲಿ ನಿಂಬೆ, ಇನ್ನೊಂದರಲ್ಲಿ ಕರಿಬೇವು. ದೊಡ್ಡಪತ್ರೆ, ಪುದೀನ ಕಡ್ಡಿ ನೆಟ್ಟರೆ ಸಾಕು. ಪುಂಡಿ ಸೊಪ್ಪು ಬಿತ್ತಿ, ಎಲೆಯಲ್ಲೇ ಹುಳಿ ಇದೆ, ಪಲ್ಯಕ್ಕೆ ಬೇರೆ ಹುಳಿ ಬೇಡ. ಆದರೆ ನನ್ನ ಕೇಳಿದರೆ ಮೊದಲ ಕುಂಡ ಮಾವಿನ ಶುಂಠಿಗೆ. ಗಡ್ಡೆ ಮುರಿದರೆ ಮಾವಿನಕಾಯಿ ವಾಸನೆ. ತೆಳ್ಳಗೆ ಹೆಚ್ಚಿ ನಿಂಬೆರಸದಲ್ಲಿ ನೆನೆಸಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ ಉಪ್ಪಿನಕಾಯಿ ಜಾಗಕ್ಕೆ ಅದೇ. ಮಿಡಿ ಭರಣಿಯನ್ನು ತಂಗಿ ಮನೆಗೆ ಸಾಗಿಸಿದ್ದು ಇದು ಕೈಗೆ ಬಂದ ಮೇಲೆಯೇ. ಮೇ ಕೊನೆಗೆ, ಮಳೆ ಹಿಡಿಯುವ ಮೊದಲು ನೆಡಬೇಕು. ಅಗಲದ ಕುಂಡ, ಸಡಿಲ ಮಣ್ಣು, ಅರೆ ನೆರಳು. ನಮ್ಮಲ್ಲಿ ಬಿತ್ತನೆ ಗಡ್ಡೆ ಎತ್ತಿಟ್ಟಿದ್ದೀನಿ, ಬೇಕಿದ್ದರೆ ಇನ್‌ಬಾಕ್ಸಿಗೆ ಬನ್ನಿ, ಅರ್ಧ ಕಿಲೋ ಬಸ್ಸಿಗೆ ಹಾಕಿ ಕಳಿಸ್ತೀನಿ.